ತಳಾರನ ದಂಡವೂ ಅರಸನ ಅಭಯವೂ

1

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದಾದ ವಿದ್ಯುಚ್ಚೋರನ ಕಥೆಯನ್ನು ವಿದ್ವಾಂಸರು ಬಹುಮಟ್ಟಿಗೆ ಎರಡು ಪ್ರಯೋಜನಗಳಿಗಾಗಿ ಓದುತ್ತ ಬಂದಿದ್ದಾರೆ. ಹಳಗನ್ನಡ ಗದ್ಯದ ಪ್ರಾಚೀನ ಸ್ವರೂಪವನ್ನು ಅರಿಯುವುದು ಒಂದು; ಉಪಸರ್ಗಗಳನ್ನು ಸಹಿಸಿ ಸದ್ಗತಿಯನ್ನು ಪಡೆದ ಮಹಾಪುರುಷನೊಬ್ಬನ ಚರಿತ್ರೆಯನ್ನು ತಿಳಿಯುವುದು ಇನ್ನೊಂದು. ಇವೆರಡೂ ಯುಕ್ತವಾದವುಗಳೇ. ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯು 1949ರಲ್ಲಿ ಹೊರಬಂದ ಮೇಲೆ ಗ್ರಂಥದ ಹೆಸರು, ಕರ್ತೃ, ಕಾಲ, ಆಕರ ಇವುಗಳನ್ನು ಕುರಿತು ನಡೆದ ಚರ್ಚೆಯಿಂದ ಕನ್ನಡದ ಸಂಶೋಧನೆಗೆ ಆದ ಲಾಭವನ್ನು ವಾಚಕಮಹಾಶಯರು ಬಲ್ಲರು. ಆದರೆ ಈ ಕಥೆಯ ಪೂರ್ವಾರ್ಧದಲ್ಲಿ ಕಳ್ಳನಿಗೆ ಸರಿಜೋಡಿಯಾಗಿ ನಿಂತಿರುವ ಯಮದಂಡನೆಂಬ ತಳಾರನ ವಿಷಯದಲ್ಲಿ ನಾವು ತೋರಿರುವ ಆದರವು ಸಾಲದೆಂದು ನಮ್ಮ ಅಭಿಪ್ರಾಯ. ಊರನ್ನು ಕಾಯುವ ಅಧಿಕಾರಿಯು ಬಲವನ್ನು ಎಲ್ಲಿಯವರೆಗೆ ಪ್ರಯೋಗಿಸಬಹುದು, ಪ್ರಜೆಯು ಅವನನ್ನು ಯಾವ ಆಧಾರದಿಂದ ನಂಬಬೇಕು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತುವ ಕಥೆ ನಮ್ಮ ಪ್ರಾಚೀನ ಗದ್ಯದಲ್ಲಿ ವಿರಳ.

ಈ ವಿಚಾರಕ್ಕೆ ನಮ್ಮನ್ನು ಎಳೆದದ್ದು ಒಬ್ಬ ವಿದ್ಯಾರ್ಥಿಯ ಮಾತು. ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ, ಕಾಫಿಯ ತೋಟಗಳ ನಡುವೆ ಇರುವ ನಮ್ಮ ಊರಿನಲ್ಲಿ ಈ ಕಥೆಯನ್ನು ಪಾಠ ಹೇಳುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಗುರುಗಳೇ, ಯಮದಂಡ ಹೊಡೆದದ್ದು ಕಳ್ಳನಿಗೇ ಅಲ್ಲವೇ? ಹಾಗಾದರೆ ತಪ್ಪೇನು?” ಎಂದು ಕೇಳಿದನು. ತರಗತಿಯಲ್ಲಿ ಅರ್ಧ ಮಂದಿ ಅವನ ಪಕ್ಷವಾದರು, ಅರ್ಧ ಮಂದಿ ಎದುರು ಪಕ್ಷವಾದರು. ಅಂದು ನಾವು ಕೊಟ್ಟ ಸಮಾಧಾನವು ನಮಗೇ ಸಮಾಧಾನವನ್ನುಂಟುಮಾಡಲಿಲ್ಲ. ಈ ಲೇಖನವು ಆ ಹುಡುಗನಿಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರ.

2

ಮೊದಲು ಕಥಾಸಾರ. ವಿದೇಹದೇಶದ ಮಿಥಿಳೆಯಲ್ಲಿ ವಾಮರಥನೆಂಬ ಅರಸನಿರುವನು. ಯಮದಂಡನು ಅವನ ತಳಾರ. ಅದೇ ಪಟ್ಟಣದಲ್ಲಿ ವಿದ್ಯುಚ್ಚೋರನು ಹಗಲೆಲ್ಲ ಕುಷ್ಠರೋಗಿಯ ವೇಷದಿಂದ ಪಾಳುದೇಗುಲದಲ್ಲಿ ಬಿದ್ದಿದ್ದು, ಇರುಳು ನಿಜರೂಪದಿಂದ ಕಳವು ಮಾಡುತ್ತಿರುವನು. ಒಂದು ದಿನ ಅರಸನ ಹಾರವೇ ಕಳವಾಗುತ್ತದೆ. ಅರಸನು ತಳಾರನನ್ನು ಕರೆಯಿಸಿ ಏಳು ದಿನದೊಳಗೆ ಕಳ್ಳನನ್ನು ತರಬೇಕು, ತಾರದಿದ್ದರೆ ಕಳ್ಳನಿಗೆ ಸಲ್ಲುವ ದಂಡನೆ ನಿನಗೇ ಎಂದು ಕಟ್ಟುಮಾಡುತ್ತಾನೆ. ಗಡುವು ತೀರುವ ಹೊತ್ತಿಗೆ ತಳಾರನು ಆ ಕುಷ್ಠರೋಗಿಯನ್ನು ಹಿಡಿದು ತಂದು, ಇವನೇ ಕಳ್ಳನೆನ್ನುತ್ತಾನೆ. ಹಿಡಿಯಲ್ಪಟ್ಟವನು ಅಲ್ಲವೆನ್ನುತ್ತಾನೆ. ಬಗೆಬಗೆಯ ಯಾತನೆಗಳು ನಡೆಯುತ್ತವೆ, ಬಾಯಿ ಬಿಡುವುದಿಲ್ಲ. ಕಡೆಗೆ ಅರಸನು ಅಭಯವಿತ್ತು ದಿಟವನ್ನು ಹೇಳೆಂದಾಗ, ತಾನೇ ಕಳ್ಳನೆಂದೂ ತಳಾರನು ಸುಳ್ಳಾಡಲಿಲ್ಲವೆಂದೂ ಅವನು ತಾನಾಗಿಯೇ ಒಪ್ಪಿಕೊಳ್ಳುತ್ತಾನೆ. ಇಷ್ಟು ನೋವನ್ನು ಹೇಗೆ ತಾಳಿದೆಯೆಂದರೆ, ಮುನಿಗಳಿಂದ ಕೇಳಿದ ನರಕದ ದುಃಖದ ಮುಂದೆ ಇದು ಎಷ್ಟರದು ಎನ್ನುತ್ತಾನೆ. ಅರಸನು ಮೆಚ್ಚಿದಾಗ ತಳಾರನು ತನ್ನ ಗೆಳೆಯ, ಅವನಿಗೆ ಕೇಡಾಗದಿರಲಿ ಎಂದು ಬೇಡುತ್ತಾನೆ. ಆಮೇಲೆ ಪೂರ್ವವೃತ್ತಾಂತ ಹೊರಬೀಳುತ್ತದೆ: ವಿದ್ಯುಚ್ಚೋರನು ರಾಜಪುತ್ರ; ಯಮದಂಡನು ಆ ಊರಿನ ತಳಾರನಾದ ಯಮಪಾಶನ ಮಗ; ಇಬ್ಬರೂ ಒಡನೋದಿದವರು; ಒಬ್ಬನು ಕಳ್ಳರ ವಿದ್ಯೆಯನ್ನು ಕಲಿತನು, ಇನ್ನೊಬ್ಬನು ಕಳ್ಳರನ್ನು ಹಿಡಿಯುವ ವಿದ್ಯೆಯನ್ನು ಕಲಿತನು.

ಇಲ್ಲಿ ಕಥೆಗಾರನ ಮೂರು ಸೂಕ್ಷ್ಮಗಳು ಗಮನಾರ್ಹವಾಗಿವೆ. ಮೊದಲನೆಯದು ಹೆಸರು. ತಂದೆಯು ಯಮನ ಪಾಶ, ಮಗನು ಯಮನ ದಂಡ. ರಕ್ಷಣೆಯನ್ನು ಸೂಚಿಸುವ ಹೆಸರು ಇಬ್ಬರಲ್ಲಿ ಒಬ್ಬರಿಗೂ ಇಲ್ಲ. ಜನರು ತಳಾರನನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ಎರಡನೆಯದು ಗಡುವು. ಯಾತನೆಯ ಮೂಲವು ತಳಾರನ ಕ್ರೌರ್ಯವೆಂದು ಕಥೆಯು ಹೇಳುವುದಿಲ್ಲ. ಅರಸನ ಏಳು ದಿನವೇ ಅದರ ಮೂಲ. ಮೇಲಿನವನು ಕೆಳಗಿನವನ ಕುತ್ತಿಗೆಯ ಮೇಲೆ ಕತ್ತಿಯನ್ನಿಟ್ಟರೆ, ಕೆಳಗಿನವನು ಕೈಗೆ ಸಿಕ್ಕಿದವನ ಬೆನ್ನಿನ ಮೇಲೆ ಕೋಲನ್ನಿಡುವನು. ಮೂರನೆಯದು ಸತ್ಯವು ಹೊರಬಿದ್ದ ಕ್ಷಣ. ಅದು ಪೆಟ್ಟಿನ ನಡುವೆ ಬರಲಿಲ್ಲ. ಪೆಟ್ಟು ನಿಂತು, ಅಭಯವು ದೊರೆತ ಮೇಲೆ ಬಂತು.

ತಳಾರನೆಂಬ ಶಬ್ದದ ಚರಿತ್ರೆಯೂ ಇಲ್ಲಿ ಉಪಕಾರಕವಾಗಿದೆ. ಇಕ್ಷ್ವಾಕುಗಳ ಕಾಲದ ನಾಗಾರ್ಜುನಕೊಂಡದ ಶಾಸನಗಳಲ್ಲಿ ಮಹಾತಲವರನೆಂಬುದು ರಾಜಬಂಧುಗಳಿಗೆ ಸಲ್ಲುತ್ತಿದ್ದ ದೊಡ್ಡ ಪದವಿ. ವಡ್ಡಾರಾಧನೆಯ ತಳಾರನು ನಗರರಕ್ಷಕ. ನಮ್ಮ ಅಜ್ಜಂದಿರ ಕಾಲದ ತಳವಾರನಾದರೋ ಗ್ರಾಮದ ಕಾವಲುಗಾರ. ಯಾರ ಹಸು ಯಾರ ಗದ್ದೆಗೆ ಬಿತ್ತು, ಯಾವ ಮನೆಗೆ ಹೊಸಬರು ಬಂದರು ಎಂಬುದನ್ನೆಲ್ಲ ಬಲ್ಲವನು. ಊರಿನ ಅನ್ನವನ್ನುಂಡು ಊರಿನಲ್ಲಿಯೇ ಮುದುಕನಾಗುವವನು. ಪದವಿಯು ಇಳಿಯುತ್ತ ಬಂದಿತು, ಪರಿಚಯವು ಬೆಳೆಯುತ್ತ ಬಂದಿತು. 1857ರ ದಂಗೆಯ ಬೆನ್ನಲ್ಲಿ ಹುಟ್ಟಿದ 1861ರ ಪೋಲೀಸು ಶಾಸನವಾದರೋ ಪರಿಚಯಕ್ಕಿಂತ ಅಂಕೆಯನ್ನೇ ಮುಖ್ಯವೆಂದೆಣಿಸಿತು. ಹಾಗೆಂದು ತಳವಾರನ ಕಾಲವೇ ಚಿನ್ನದ ಕಾಲವಾಗಿತ್ತೆಂದು ನಾವು ವಾದಿಸುವುದಿಲ್ಲ. ಅವನ ಕೋಲೂ ಬಡವನನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಆದರೆ ಮರುದಿನ ಅವನು ಅದೇ ಬಡವನ ಮನೆಯ ಮುಂದೆ ನಡೆದುಹೋಗಬೇಕಾಗಿತ್ತು. ಅಷ್ಟರ ಮಟ್ಟಿಗಾದರೂ ಅವನಿಗೆ ಲೋಕಲಜ್ಜೆಯಿತ್ತು.

3

ಯಮದಂಡನ ಪಕ್ಕದಲ್ಲಿ ಕಾಳಿದಾಸನ ರಕ್ಷಿಗಳನ್ನು ನಿಲ್ಲಿಸಿ ನೋಡಬೇಕು. ಬಸವಪ್ಪಶಾಸ್ತ್ರಿಗಳ ಭಾಷಾಂತರದ ಮೂಲಕ ಶಾಕುಂತಲವು ಕನ್ನಡಿಗರ ಮನೆಮಾತಾಗಿರುವುದರಿಂದ ಆರನೆಯ ಅಂಕದ ಪ್ರವೇಶಕವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ರಾಜನಾಮಾಂಕಿತವಾದ ಉಂಗುರವನ್ನು ಮಾರಲು ಬಂದ ಬೆಸ್ತನನ್ನು ಸೂಚಕ, ಜಾನುಕ ಎಂಬ ಇಬ್ಬರು ಕಟ್ಟಿ ಹೊಡೆಯುತ್ತ ತರುತ್ತಾರೆ. ಅವನು ತನ್ನ ಕಸುಬನ್ನು ಹೇಳಿದ ಕೂಡಲೇ ಎಂಥ ಪರಿಶುದ್ಧವಾದ ಜೀವನವೆಂಬ ಹಾಸ್ಯ ಬರುತ್ತದೆ. ಹುಟ್ಟಿನಿಂದ ಬಂದ ಕೆಲಸವನ್ನು ನಿಂದಿಸಬಾರದೆಂದು ಅವನು ಮೆಲ್ಲಗೆ ಉತ್ತರ ಹೇಳುತ್ತಾನೆ. ವಿಚಾರಣೆ ಇನ್ನೂ ಆರಂಭವಾಗಿಲ್ಲ. ಆಗಲೇ ಅವನನ್ನು ವಧ್ಯಸ್ಥಾನಕ್ಕೆ ಸಿಂಗರಿಸಲು ಒಬ್ಬನ ಕೈ ತುರಿಸುತ್ತಿದೆ. ಅರಸನಿಂದ ಬಹುಮಾನ ಬಂದ ಮೇಲೆ ಅದರ ಅರ್ಧವನ್ನು ಬೆಸ್ತನು ಇವರಿಗೇ ಕೊಡುತ್ತಾನೆ. ಎಲ್ಲರೂ ಕೂಡಿ ಹೆಂಡದಂಗಡಿಗೆ ನಡೆಯುತ್ತಾರೆ.

ಈ ಭಾಗವನ್ನು ಹಾಸ್ಯವೆಂದು ನಗುತ್ತ ಓದಿಬಿಡುವುದು ವಾಡಿಕೆ. ಆದರೆ ಇದರ ಕ್ರಮವನ್ನು ವಿಮರ್ಶಿಸಿದರೆ ನಗೆ ನಿಲ್ಲುತ್ತದೆ. ಮೊದಲನೆಯ ಪೆಟ್ಟು ಮೈಮೇಲೆ ಬಿದ್ದುದಲ್ಲ, ಜಾತಿಯ ಮೇಲೆ ಬಿದ್ದುದು. ಎರಡನೆಯದು ತೀರ್ಪಿಗೆ ಮುಂಚಿನ ದಂಡನೆ. ಮೂರನೆಯದು ನಿರಪರಾಧಿಯೆಂದು ತಿಳಿದ ಮೇಲೆಯೂ ಕ್ಷಮಾಯಾಚನೆ ಇಲ್ಲದಿರುವುದು. ಅಷ್ಟೇ ಅಲ್ಲ, ಬಿಡುಗಡೆಯಾದವನೇ ಹೊಡೆದವರಿಗೆ ಕಾಣಿಕೆ ಕೊಡಬೇಕಾಗಿ ಬಂದುದು. ಬೆಸ್ತನು ಅರ್ಧವನ್ನು ಸಂತೋಷದಿಂದ ಕೊಟ್ಟನೋ, ನಾಳೆಯ ಭಯದಿಂದ ಕೊಟ್ಟನೋ ಎಂಬುದನ್ನು ಕವಿಯು ಹೇಳದೆ ಬಿಟ್ಟಿದ್ದಾನೆ. ದುಷ್ಯಂತನು ಧರ್ಮಿಷ್ಠನಾದ ಅರಸು; ಆದರೂ ಅವನ ಬೀದಿಯಲ್ಲಿ ಇದು ನಡೆಯುತ್ತದೆ, ಅವನಿಗೆ ತಿಳಿಯುವುದೂ ಇಲ್ಲ. ಅರಸನ ಧರ್ಮವು ಬೀದಿಯವರೆಗೆ ತಾನಾಗಿ ಇಳಿದು ಬರುವುದಿಲ್ಲವೆಂಬುದೇ ಈ ಪ್ರವೇಶಕದ ಧ್ವನಿಯೆಂದು ನಮಗೆ ತೋರುತ್ತದೆ.

ಮೂರನೆಯ ಸಾಕ್ಷಿ ಆಣಿಮಾಂಡವ್ಯ. ಭಾರತದ ಆದಿಪರ್ವದ ಪ್ರಕಾರ ಮುನಿಯು ಮೌನವ್ರತದಲ್ಲಿದ್ದನು. ಕಳ್ಳರು ಅವನ ಆಶ್ರಮದಲ್ಲಿ ಒಡವೆಗಳನ್ನು ಬಚ್ಚಿಟ್ಟು ತಾವೂ ಅಡಗಿಕೊಂಡರು. ರಕ್ಷಿಗಳು ಬಂದು ಕೇಳಿದಾಗ ಮುನಿಯು ಮಾತಾಡಲಿಲ್ಲ. ಮೌನವೇ ಅಪರಾಧವೆಂದು ಗಣಿಸಿ ಅವನನ್ನು ಕಳ್ಳರೊಡನೆ ಶೂಲಕ್ಕೇರಿಸಿದರು. ಇದೇ ಕಥೆಯನ್ನು ಕೌಟಿಲ್ಯನು ಅರ್ಥಶಾಸ್ತ್ರದ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ಬೇರೆ ರೀತಿಯಾಗಿ ಸೂಚಿಸುತ್ತಾನೆ. ಅಲ್ಲಿ ಮಾಂಡವ್ಯನು ಮೌನಿಯಲ್ಲ. ಯಾತನೆಯ ಭಯದಿಂದ, ಕಳ್ಳನಲ್ಲದಿದ್ದರೂ ಕಳ್ಳನೆಂದು ಒಪ್ಪಿಕೊಂಡವನು. ಎರಡು ಪಾಠಗಳಲ್ಲಿ ಯಾವುದು ಪ್ರಾಚೀನವೆಂಬ ಚರ್ಚೆ ಇಲ್ಲಿ ಅಪ್ರಕೃತ. ಎರಡೂ ಕೂಡಿ ಹೇಳುವುದು ಮುಖ್ಯ: ಬಾಯಿ ಮುಚ್ಚಿದವನೂ ಶೂಲಕ್ಕೆ ಹೋದನು, ಬಾಯಿ ಬಿಟ್ಟವನೂ ಶೂಲಕ್ಕೆ ಹೋದನು.

ಕೌಟಿಲ್ಯನು ಕರುಣಾಳುವೆಂದು ಯಾರೂ ಹೇಳಲಾರರು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಶೋಧಿಸಿ 1909ರಲ್ಲಿ ಪ್ರಕಟಿಸಿದ ಆ ಗ್ರಂಥದಲ್ಲಿ ಯಾತನೆಯ ಪ್ರಕಾರಗಳು ಎಣಿಸಲ್ಪಟ್ಟಿವೆ. ದೋಷವು ಬಹುಮಟ್ಟಿಗೆ ಸ್ಥಿರಪಟ್ಟವನಿಗೆ ಅವು ವಿಹಿತವೂ ಆಗಿವೆ. ಅಷ್ಟಾದರೂ ಬಾಲರು, ವೃದ್ಧರು, ರೋಗಿಗಳು, ಹಸಿದು ಬಾಯಾರಿದವರು, ದಾರಿ ನಡೆದು ದಣಿದವರು, ಗರ್ಭಿಣಿಯರು ಇವರಿಗೆ ಯಾತನೆ ಕೂಡದೆಂದು ಅವನು ವಿಧಿಸುತ್ತಾನೆ. ಮಾಂಡವ್ಯನನ್ನು ನೆನಪಿಸಿ, ಇತರ ಸಾಧನಗಳಿಂದ ಪ್ರಮಾಣವು ಪೂರ್ಣವಾದ ಮೇಲೆಯೇ ದಂಡಿಸಬೇಕೆನ್ನುತ್ತಾನೆ. ಕರುಣೆಯಿಂದಲ್ಲ, ತರ್ಕದಿಂದ ಅವನು ಈ ನಿರ್ಣಯಕ್ಕೆ ಬಂದನು.

ಮಾಂಡವ್ಯನನ್ನು ನಾವು ಗ್ರಂಥದಲ್ಲಿ ಮಾತ್ರ ಕಂಡವರಲ್ಲ. ಕೆಲವು ವರ್ಷಗಳ ಕೆಳಗೆ ನಮ್ಮ ಸಮೀಪದ ತೋಟವೊಂದರ ಕಣದಿಂದ ಕಾಫಿಯ ಕೆಲವು ಮೂಟೆಗಳು ಕಾಣೆಯಾದುವು. ಕೊಯ್ಲಿನ ಕಾಲದಲ್ಲಿ ಮೂಟೆ ಹೋದರೆ ಸಂಶಯವು ಮೊದಲು ಕೂಲಿಲೈನಿನ ಮನೆಗಳ ಮೇಲೆ ಬೀಳುವುದು ಈ ಕಡೆಯ ರೂಢಿ. ಒಬ್ಬನನ್ನು ಠಾಣೆಗೆ ಕರೆದುಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ಅವನು ಒಪ್ಪಿಕೊಂಡನು. ಮೂಟೆಗಳೆಲ್ಲಿ ಎಂದರೆ ಒಂದೊಂದು ಸಲ ಒಂದೊಂದು ಸ್ಥಳವನ್ನು ಹೇಳಿದನು. ವಾರ ಕಳೆದ ಮೇಲೆ ಲೆಕ್ಕವನ್ನು ತಾಳೆನೋಡಿದಾಗ ಆ ಮೂಟೆಗಳು ಕ್ಯೂರಿಂಗ್ ಕಾರ್ಖಾನೆಗೆ ಹೋದ ಲಾರಿಯಲ್ಲಿಯೇ ಸೇರಿಹೋಗಿದ್ದುವೆಂದು ತಿಳಿಯಿತು. ಮಾಡದ ಕಳವನ್ನು ಏಕೆ ಒಪ್ಪಿಕೊಂಡೆಯಪ್ಪಾ ಎಂದು ನಾವು ಕೇಳಿದೆವು. “ಇಲ್ಲ ಅಂದಷ್ಟೂ ಬೀಳ್ತಾ ಇತ್ತು ಸ್ವಾಮಿ, ಹೌದು ಅಂದ ಕೂಡ್ಲೆ ನಿಂತ್ಹೋಯ್ತು” ಎಂದನು. ಅರ್ಥಶಾಸ್ತ್ರದ ಆ ಪ್ರಕರಣಕ್ಕೆ ಇದಕ್ಕಿಂತ ಚೊಕ್ಕವಾದ ವ್ಯಾಖ್ಯಾನವನ್ನು ನಾವು ಕಂಡಿಲ್ಲ.

4

ಈಗ ಹುಡುಗನ ಪ್ರಶ್ನೆಗೆ ಬರೋಣ. ಯಮದಂಡನು ಹೊಡೆದದ್ದು ಕಳ್ಳನನ್ನೇ. ಈ ಮಾತನ್ನು ಅಲ್ಲಗಳೆಯುವಂತಿಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ಕಥೆಯ ಬಲವಿರುವುದೇ ಅಲ್ಲಿ. ನಿರಪರಾಧಿಯನ್ನು ಹೊಡೆದರೆ ಸುಳ್ಳು ಹುಟ್ಟುತ್ತದೆಂಬುದಕ್ಕೆ ಮಾಂಡವ್ಯನು ದೃಷ್ಟಾಂತ. ಅಪರಾಧಿಯನ್ನು ಹೊಡೆದರಾದರೂ ಸತ್ಯವು ಹುಟ್ಟೀತೆ? ವಿದ್ಯುಚ್ಚೋರನು ಹುಟ್ಟದೆಂಬುದಕ್ಕೆ ದೃಷ್ಟಾಂತ. ಅನ್ವಯವ್ಯತಿರೇಕಗಳಿಂದ ನೋಡಿದರೆ, ದಂಡವಿದ್ದಲ್ಲಿ ಎರಡು ಕಡೆಯೂ ಸತ್ಯವಿಲ್ಲ, ಅಭಯವಿದ್ದಲ್ಲಿ ಸತ್ಯವಿದೆ. ಆದಕಾರಣ ಸತ್ಯಕ್ಕೆ ಕಾರಣವು ದಂಡವಲ್ಲ. ತಳಾರನು ಸರಿಯಾದ ಮನುಷ್ಯನನ್ನೇ ಹಿಡಿದನೆಂಬುದು ಅವನ ಬುದ್ಧಿಯ ಗುಣ. ಹೊಡೆದು ಏನೂ ಸಾಧಿಸಲಿಲ್ಲವೆಂಬುದು ಹೊಡೆತದ ದೋಷ. ಈ ಎರಡನ್ನು ಬೆರೆಸಿದುದೇ ಹುಡುಗನ ವಾದದಲ್ಲಿದ್ದ ಹೇತ್ವಾಭಾಸ.

ಈ ನ್ಯಾಯವನ್ನು ನಮ್ಮ ಶಾಸನಕಾರರೂ ಬಲ್ಲರು. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಸಾಕ್ಷ್ಯವಾಗಿ ಎತ್ತಕೂಡದೆಂದು 1872ರ ಸಾಕ್ಷ್ಯ ಶಾಸನದ 25ನೆಯ ಪ್ರಕರಣವು ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಪ್ರಕರಣದಲ್ಲಿಯೂ ಈ ನಿಯಮವು ನಿಂತಿದೆ. ಎಂದರೆ, ಠಾಣೆಯೊಳಗಿನ ಮಾತನ್ನು ಹಾಗೆಯೇ ನಂಬಲಾಗದೆಂಬುದನ್ನು ರಾಜ್ಯವೇ ಒಂದೂವರೆ ಶತಮಾನದಿಂದ ಬರೆದಿಟ್ಟುಕೊಂಡಿದೆ. ಬಂಧನದ ಕ್ರಮವನ್ನು ಕುರಿತು ಡಿ. ಕೆ. ಬಸು ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಯಮಗಳನ್ನು ಹಾಕಿತು. ಎಲ್ಲ ಠಾಣೆಗಳಲ್ಲಿಯೂ ಸಿ.ಸಿ. ಕ್ಯಾಮರಾಗಳಿರಬೇಕೆಂದು 2020ರಲ್ಲಿ ಅಪ್ಪಣೆ ಮಾಡಿತು. ಪ್ರಜೆಯು ಪೋಲೀಸಿನವರನ್ನು ನಂಬುವುದಿಲ್ಲವೆಂದು ದೂರುವವರು ಈ ವಿಧಿಗಳನ್ನು ಒಮ್ಮೆ ಓದಬೇಕು. ಪ್ರಜೆಗಿಂತ ಮೊದಲು ಸಂಶಯಪಟ್ಟದ್ದು ಶಾಸನವೇ.

ವಿಧಿಗಳಿದ್ದರೂ ಪ್ರವೇಶಕದ ದೃಶ್ಯವು ಬೀದಿಯಿಂದ ಮರೆಯಾಗಿಲ್ಲ. 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಠಾಣೆಯಲ್ಲಿ ದಲಿತ ಯುವಕನೊಬ್ಬನು ತನ್ನನ್ನು ಹೊಡೆದುದಲ್ಲದೆ ಮೂತ್ರವನ್ನು ಕುಡಿಯುವಂತೆ ಮಾಡಿದರೆಂದು ಆರೋಪಿಸಿದನು. ಪ್ರಕರಣವು ದಾಖಲಾಗಿ ಸಿ.ಐ.ಡಿ. ತನಿಖೆಗೆ ಹೋಯಿತು, ಠಾಣೆಯ ಅಧಿಕಾರಿ ಬಂಧಿತರಾದರು. ದೋಷವನ್ನು ನಿರ್ಣಯಿಸುವುದು ನ್ಯಾಯಸ್ಥಾನದ ಕೆಲಸ, ನಮ್ಮದಲ್ಲ. ಆದರೆ ಆ ಆರೋಪವು ಕಿವಿಗೆ ಬಿದ್ದಾಗ ಬೆಸ್ತನ ಕಸುಬಿನ ಮೇಲೆ ಬಿದ್ದ ಮೊದಲನೆಯ ಪೆಟ್ಟನ್ನು ನೆನೆಯದೆ ಇರುವುದು ಸಾಧ್ಯವಾಗಲಿಲ್ಲ. 2023ರ ನವೆಂಬರ್ 30ರಂದು ಚಿಕ್ಕಮಗಳೂರು ಪಟ್ಟಣದಲ್ಲಿ ಶಿರಸ್ತ್ರಾಣವಿಲ್ಲದೆ ದ್ವಿಚಕ್ರವಾಹನದಲ್ಲಿ ಬಂದ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆಯಾಯಿತೆಂಬ ದೂರು ಎದ್ದಿತು. ಆರು ಮಂದಿ ಅಮಾನತ್ತಿನಲ್ಲಿಡಲ್ಪಟ್ಟರು. ಉಚ್ಚ ನ್ಯಾಯಾಲಯವು ವಿಷಯವನ್ನು ಕೈಗೆತ್ತಿಕೊಂಡಿತು. ಅದರ ಬೆನ್ನಲ್ಲಿಯೇ ಪೋಲೀಸಿನವರೂ ಅವರ ಮನೆಯವರೂ, ತಮಗೆ ಅನ್ಯಾಯವಾಯಿತೆಂದು ಬೀದಿಗಿಳಿದರು. ವಕೀಲರು ಒಂದು ಕಡೆ, ಕಾಯುವವರೇ ಇನ್ನೊಂದು ಕಡೆ. ತಮ್ಮನ್ನು ಕಾಯುವವರು ಯಾರೆಂದು ಎರಡು ಪಕ್ಷಗಳೂ ಕೇಳಿದುವು. ಏಳು ದಿನದ ಗಡುವಿನ ಕೆಳಗೆ ನಡುಗುತ್ತಿದ್ದ ಯಮದಂಡನನ್ನು ನಾವು ಇಲ್ಲಿ ಮರೆಯಬಾರದು. ಅಭಯವಿಲ್ಲದ ತಳಾರನು ಇತರರಿಗೆ ಅಭಯವನ್ನು ಕೊಡಲಾರನು.

5

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಠಾಣೆಯೊಳಗೆ ನಿರಾಯುಧನನ್ನು ಹೊಡೆಯುವುದು ಬೇರೆ. ಕಾಡಿನಲ್ಲಿ ಬಂದೂಕನ್ನು ಹಿಡಿದವರನ್ನು ಎದುರಿಸುವುದು ಬೇರೆ. ಅಲ್ಲಿ ಅಭಯದ ಮಾತು ಕಾವ್ಯಕ್ಕೆ ಮಾತ್ರ ಸರಿ ಎಂಬುದು ಆ ಪಕ್ಷ. ಇದು ನಮ್ಮ ಗಿರಿಪ್ರಾಂತಕ್ಕೆ ಕಲ್ಪಿತವಾದ ಪ್ರಶ್ನೆಯಲ್ಲ. 1987ರಲ್ಲಿ ಕುದುರೆಮುಖದ ರಾಷ್ಟ್ರೀಯ ಉದ್ಯಾನವು ಘೋಷಿತವಾದ ಮೇಲೆ ಅದರೊಳಗೆ ವಾಸವಾಗಿದ್ದ ಕುಟುಂಬಗಳಲ್ಲಿ ಒಕ್ಕಲೆಬ್ಬಿಸುವರೆಂಬ ಭೀತಿ ಹುಟ್ಟಿತು. ಆ ಭೀತಿಯ ನೆಲದಲ್ಲಿ ನಕ್ಸಲರ ಚಳುವಳಿ ಬೇರುಬಿಟ್ಟಿತು. 2003ರ ನವೆಂಬರಿನಲ್ಲಿ ಘಟ್ಟದ ಕೆಳಗಿನ ಈದುವಿನಲ್ಲಿ ಇಬ್ಬರು ಯುವತಿಯರು ಪೋಲೀಸಿನವರ ಗುಂಡಿನಿಂದ ಸತ್ತರು. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದಲ್ಲಿ, ಕರ್ನಾಟಕದ ಚರಿತ್ರೆಯನ್ನು ಕುರಿತು ಗ್ರಂಥ ಬರೆದ ಸಾಕೇತ್ ರಾಜನ್ ಹತರಾದರು. ಕೆಲವೇ ದಿನಗಳಲ್ಲಿ ದೂರದ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಪೋಲೀಸು ಶಿಬಿರದ ಮೇಲೆ ನಕ್ಸಲರು ಬಿದ್ದು ಹಲವರನ್ನು ಕೊಂದರು. 2007ರ ಜುಲೈ 10ರಂದು ಒಡೆಯರಮಠದಲ್ಲಿ ಐದು ಮಂದಿ ಸತ್ತರು. ಅವರಲ್ಲಿ ಸ್ಥಳದ ಗಿರಿಜನರೂ ಇದ್ದರು. ಅವರು ಆಯುಧವನ್ನು ಹಿಡಿದವರೇ, ಅನ್ನವನ್ನಿಟ್ಟವರೇ ಎಂಬ ಪ್ರಶ್ನೆಯು ಅಂದೇ ಎದ್ದಿತು. 2008ರ ನವೆಂಬರಿನಲ್ಲಿ ಹೊರನಾಡಿನ ಸಮೀಪದಲ್ಲಿ ಮೂವರು ನಕ್ಸಲರೂ ಒಬ್ಬ ಪೋಲೀಸಿನವರೂ ಸತ್ತರು. ಇವುಗಳ ನಡುವೆ, ಪೋಲೀಸರಿಗೆ ಸುದ್ದಿ ಕೊಟ್ಟರೆಂಬ ಸಂಶಯದಿಂದ ನಕ್ಸಲರು ಹಳ್ಳಿಯವರನ್ನೂ ಕೊಂದರು. ಹಗಲು ಒಬ್ಬರು ಬಂದು ಅವರೆಲ್ಲಿ ಎನ್ನುವರು. ಇರುಳು ಇನ್ನೊಬ್ಬರು ಬಂದು ಇವರಿಗೇನು ಹೇಳಿದೆ ಎನ್ನುವರು. ಮಾಂಡವ್ಯನ ಎರಡು ಪಾಠಗಳೂ ಒಂದೇ ಮನೆಯ ಮೇಲೆ ಒಂದೇ ಕಾಲಕ್ಕೆ ಎರಗಿದುವು: ಮಾತಾಡಿದರೂ ಶೂಲ, ಆಡದಿದ್ದರೂ ಶೂಲ.

ಈ ಮರಣಗಳನ್ನು ವರದಿ ಮಾಡಿದ ಭಾಷೆಯನ್ನು ವೈಯಾಕರಣರಾದವರು ಗಮನಿಸಬೇಕು. ಎನ್‌ಕೌಂಟರ್‌ನಲ್ಲಿ ಹತರಾದರು ಎಂಬುದು ನಮ್ಮ ಪತ್ರಿಕೆಗಳ ಸಿದ್ಧವಾಕ್ಯ. ಇಲ್ಲಿ ಕೊಂದವನನ್ನು ಹೇಳುವ ತೃತೀಯೆ ಇಲ್ಲ. ಅದರ ಸ್ಥಾನದಲ್ಲಿ ಸಪ್ತಮಿಯು ಬಂದು ಕುಳಿತಿದೆ. ಮಳೆಯಲ್ಲಿ ನೆನೆದರು, ಹೊಳೆಯಲ್ಲಿ ಮುಳುಗಿದರು ಎಂಬಂತೆ ಎನ್‌ಕೌಂಟರ್‌ನಲ್ಲಿ ಸತ್ತರು. ಕರ್ತೃವಿಲ್ಲದ ಕ್ರಿಯೆಗೆ ಉತ್ತರವಾದಿ ಯಾರು? ಸಪ್ತಮಿಯ ಹಿಂದೆ ಅಡಗಿದ ತೃತೀಯೆಯನ್ನು ಹೊರಗೆ ತರುವುದೇ ವಿಚಾರಣೆ. 2014ರ ಸೆಪ್ಟೆಂಬರ್ 23ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಪ್ರತಿಯೊಂದು ಮರಣದಲ್ಲಿಯೂ ಪ್ರಥಮ ವರ್ತಮಾನ ವರದಿ ದಾಖಲಾಗಬೇಕು, ಸಿ.ಐ.ಡಿ. ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು ಎಂದು ವಿಧಿಸಿತು. ಆತ್ಮರಕ್ಷಣೆಗಾಗಿ ಹಾರಿಸಿದ ಗುಂಡನ್ನು ಇದು ನಿಷೇಧಿಸುವುದಿಲ್ಲ. ಆತ್ಮರಕ್ಷಣೆ ಎಂಬ ಮಾತು ದಿಟವೇ ಎಂದು ಕೇಳುತ್ತದೆ. ಕಾಡಿನಲ್ಲಿ ಪ್ರಾಣ ತೆತ್ತ ಪೋಲೀಸಿನವನ ಮರ್ಯಾದೆಯನ್ನು ಉಳಿಸುವುದೂ ಈ ವಿಚಾರಣೆಯೇ. ಏಕೆಂದರೆ ವಿಚಾರಣೆ ಇಲ್ಲದ ಕಡೆ ನಿಜವಾದ ಕಾಳಗಕ್ಕೂ ಕಟ್ಟಿದ ಕಾಳಗಕ್ಕೂ ಭೇದವು ತಿಳಿಯದೆ, ಎರಡೂ ಒಂದೇ ಸಂಶಯಕ್ಕೆ ಪಾತ್ರವಾಗುತ್ತವೆ.

ಮೂಡಿಗೆರೆಯಲ್ಲಿ ನೆಲಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರು ಈ ಸೀಮೆಯ ಸಂಶಯದ ಬದುಕನ್ನು ಬಹಳ ಮುಂಚೆಯೇ ಕಂಡಿದ್ದರು. 1985ರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿಯ ಇಳುವರಿ ಕುಗ್ಗಿದ ರಹಸ್ಯವನ್ನು ಭೇದಿಸಲು ಅಂಗಡಿ ಎಂಬ ಗುಪ್ತಚರ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಅವನು ಸುಳಿವುಗಳನ್ನು ಕೂಡಿಸುತ್ತಿರುವಾಗಲೇ ಊರು ಗಾಳಿಮಾತಿನಿಂದ ಮತಮತಗಳಾಗಿ ಒಡೆದು ಕಡೆಗೆ ಬೆಂಕಿಗೆ ತುತ್ತಾಗುತ್ತದೆ. ಅಂಗಡಿಯು ಕ್ರೂರಿಯಲ್ಲ, ಮೂರ್ಖನೂ ಅಲ್ಲ. ಅವನ ಕೊರತೆ ಬೇರೆ. ಊರು ಅವನಿಗೆ ತನಿಖೆಯ ವಸ್ತು, ಕಾಯಬೇಕಾದ ಮನೆಯಲ್ಲ. ಯಮದಂಡನಿಗೆ ಕಳ್ಳನು ಗೊತ್ತಿದ್ದನು. ಅಂಗಡಿಗೆ ಊರೇ ಗೊತ್ತಿಲ್ಲ. ಹಳೆಯ ಕಥೆಯಲ್ಲಿ ಬಲವು ಸೋತರೆ, ಹೊಸ ಕಾದಂಬರಿಯಲ್ಲಿ ಬುದ್ಧಿಯೂ ಸೋಲುತ್ತದೆ. ಜನರ ವಿಶ್ವಾಸವಿಲ್ಲದ ಕಡೆ ಎರಡಕ್ಕೂ ಗತಿ ಒಂದೇ.

ಪೂರ್ವಪಕ್ಷಕ್ಕೆ ಉತ್ತರವನ್ನು ಕಾಲವೇ ಕೊಟ್ಟಿತೆನ್ನಬಹುದು. 2024ರ ನವೆಂಬರಿನಲ್ಲಿ ಹೆಬ್ರಿಯ ಬಳಿಯ ಕಾಡಿನಲ್ಲಿ ವಿಕ್ರಂ ಗೌಡ ಗುಂಡಿಗೆ ಬಲಿಯಾದಾಗ ಹಳೆಯ ಪ್ರಶ್ನೆಗಳೇ ಮತ್ತೆ ಎದ್ದುವು. ಎರಡು ತಿಂಗಳು ತುಂಬುವ ಮೊದಲೇ, 2025ರ ಜನವರಿ 8ರಂದು, ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಅವರಲ್ಲಿ ಒಬ್ಬರು ಕಳಸ ಸೀಮೆಯ ಬಾಳೆಹೊಳೆಯವರು, ಒಬ್ಬರು ಶೃಂಗೇರಿ ಸೀಮೆಯ ಮುಂಡಗಾರಿನವರು. ಫೆಬ್ರವರಿ 1ರಂದು ಚಿಕ್ಕಮಗಳೂರಿನಲ್ಲಿ ಇನ್ನೊಬ್ಬರು ಶರಣಾದರು. ಇದು ಒಂದು ದಿನದಲ್ಲಿ ಆದುದಲ್ಲ. ನಾಗರಿಕರ ವೇದಿಕೆಯವರು ನಡುವೆ ನಿಂತು, ಬಂದವರಿಗೆ ಪ್ರಾಣಭಯವಿಲ್ಲವೆಂಬ ಮಾತನ್ನು ಇತ್ತ ಕಡೆಯಿಂದ ಪಡೆದು ಅತ್ತ ಕಡೆಗೆ ಮುಟ್ಟಿಸಬೇಕಾಯಿತು. ಇಪ್ಪತ್ತು ವರ್ಷಗಳ ಶೋಧದಿಂದ ಹೊರಗೆ ಬಾರದವರು ಒಂದು ಮಾತಿನಿಂದ ಹೊರಗೆ ಬಂದರು.

ಪೋಲೀಸಿನವರ ಇಪ್ಪತ್ತು ವರ್ಷದ ಒತ್ತಡವಿಲ್ಲದಿದ್ದರೆ ಆ ಮಾತಿಗೆ ಬೆಲೆ ಬರುತ್ತಿತ್ತೇ ಎಂದು ಕೇಳುವವರಿರಬಹುದು. ಅದನ್ನೂ ಒಪ್ಪತಕ್ಕದ್ದೇ. ವಾಮರಥನ ಅಭಯಕ್ಕೆ ಬೆಲೆ ಬಂದುದು ಅವನಲ್ಲಿ ದಂಡಿಸುವ ಶಕ್ತಿಯಿದ್ದುದರಿಂದಲೇ. ಶಕ್ತಿಯಿಲ್ಲದವನ ಅಭಯವು ಬರಿಯ ಬೇಡಿಕೆ. ಆದರೆ ಶಕ್ತಿಯು ಹಿಂದೆ ನಿಲ್ಲಬೇಕು, ಮಾತು ಮುಂದೆ ನಡೆಯಬೇಕು. ಅಭಯವೆಂದರೆ ಕ್ಷಮೆಯೆಂದೂ ಭಾವಿಸಬಾರದು. ಶರಣಾದವರು ಮನೆಗೆ ಹೋಗಲಿಲ್ಲ, ನ್ಯಾಯಾಂಗ ಬಂಧನಕ್ಕೆ ಹೋದರು. ಅವರ ಮೇಲಿನ ಆರೋಪಗಳು ನ್ಯಾಯಸ್ಥಾನದಲ್ಲಿ ತೀರ್ಮಾನವಾಗತಕ್ಕುವು. ಸತ್ತ ಹಳ್ಳಿಯವರ, ಸತ್ತ ಪೋಲೀಸಿನವರ ಮನೆಗಳಿಗೂ ಆ ತೀರ್ಮಾನವು ಸಲ್ಲಬೇಕಾದುದು. ಅಭಯವು ಕೊಡುವುದು ಇಷ್ಟೇ: ನೀನು ನ್ಯಾಯಸ್ಥಾನದವರೆಗೆ ಜೀವಂತನಾಗಿ ಹೋಗುವೆ, ಅಲ್ಲಿ ನಿನ್ನ ಮಾತನ್ನು ಕೇಳುವರು. ತೋಟದ ಕೂಲಿಯವನು ಠಾಣೆಯ ಮೆಟ್ಟಿಲನ್ನು ಹತ್ತುವಾಗ ಬಯಸುವುದೂ ಇದಕ್ಕಿಂತ ಹೆಚ್ಚಿನದಲ್ಲ.

ಮಾಂಡವ್ಯನ ಕಥೆಯ ಕೊನೆಯನ್ನು ನೆನೆದು ಮುಗಿಸುತ್ತೇವೆ. ಸತ್ಯವು ತಿಳಿದ ಮೇಲೆ ಅರಸನು ಓಡಿಬಂದು ಕಾಲಿಗೆ ಬಿದ್ದು ಮುನಿಯನ್ನು ಶೂಲದಿಂದ ಇಳಿಸಿದನು. ಆದರೆ ಶೂಲವು ಹೊರಗೆ ಬರಲಿಲ್ಲ. ಹೊರಗಿನ ಭಾಗವನ್ನು ಕತ್ತರಿಸಬೇಕಾಯಿತು. ಒಳಗಿನ ಆಣಿಯು ಅವನ ಮೈಯಲ್ಲಿಯೇ ಉಳಿದು ಹೆಸರಿನಲ್ಲಿಯೂ ಸೇರಿತು. ಮುನಿಯು ಅರಸನನ್ನು ಕ್ಷಮಿಸಿದನು. ಆದರೂ ಆಣಿಯನ್ನು ಹೊತ್ತುಕೊಂಡೇ ತಿರುಗಿದನು. ನಮ್ಮ ಗಿರಿಯ ತಪ್ಪಲಿನ ಎಷ್ಟೋ ಮನೆಗಳಲ್ಲಿ ಅಂಥ ಆಣಿಗಳಿವೆ. ಕೆಲವು ಪೋಲೀಸಿನವರ ಮನೆಗಳಲ್ಲಿಯೂ ಇವೆ. ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಇಲಾಖೆಯನ್ನೇ ಸೇರಿದ್ದರೂ ಸೇರಿರಬಹುದು. ಅವನಿಗೆ ನಮ್ಮ ಉತ್ತರವಿಷ್ಟು: ಅಯ್ಯಾ, ಯಮದಂಡನು ಹೊಡೆದದ್ದು ಕಳ್ಳನಿಗೇ, ನಿಜ. ಆದರೆ ಆ ಕಳ್ಳನು ಬಾಯಿ ಬಿಟ್ಟದ್ದು ಅವನನ್ನು ಹೊಡೆಯದವನ ಮುಂದೆ. ಬಿಟ್ಟ ಬಾಯಿಯಿಂದ ಅವನು ಮೊದಲು ಬೇಡಿದುದು ತನ್ನನ್ನು ಹೊಡೆದವನ ಕ್ಷೇಮವನ್ನು.